ಮಾಣಿಕನ ಕಿವಿಯಲ್ಲಿ ಹೇಳಿದ ಮಾತು

ಹುಮ್ನಾಬಾದಿನ ಆ ಕುಸ್ತಿಯನ್ನು ನಾನು ಗೆಲ್ಲಲಿಲ್ಲ. ಹೆಂಡತಿಯ ತಮ್ಮ ಮಾಣಿಕನನ್ನು ನಗಿಸಿ ಕೆಡವಿದೆ, ಕೆಡವಿದ ಮೇಲೆ ಅವನ ಕೈ ಮುರಿದೆ. ಅದಕ್ಕೆ ಕೊಟ್ಟ ಬೆಳ್ಳಿಯ ಕಡಗವನ್ನು ಹದಿನಾಲ್ಕು ವರ್ಷ ತೊಟ್ಟು ಮೆರೆದೆ. ಅಷ್ಟಕ್ಕೇ ಮುಗಿದಿದ್ದರೆ — ಮುಗಿಯಲಿಲ್ಲ.

ನಮ್ಮ ಕಡೆಯ ಊರುಗಳು ಮೈಸೂರು ರಾಜ್ಯಕ್ಕೆ ಸೇರಿ ಏಳೆಂಟು ವರ್ಷವಾಗಿದ್ದಿರಬೇಕು. ನಾನು ಬಸವಕಲ್ಯಾಣದ ತಾಲೀಮಿನ, ಅಂದರೆ ಗರಡಿಮನೆಯ, ಪೈಲವಾನ, ಮಾಣಿಕ ಹುಮ್ನಾಬಾದಿನವನು. ನನಗಿಂತ ಐದು ವರ್ಷ ಚಿಕ್ಕವ, ಕೋಣದಂಥ ಬಲ. ಆದರೆ ಕುಳಿತಲ್ಲೇ ನಿದ್ದೆ. ರೊಟ್ಟಿ ಮುರಿದ ಕೈ ತಾಟಿನಲ್ಲಿರುತ್ತಿತ್ತು, ಕಣ್ಣು ಮುಚ್ಚಿರುತ್ತಿತ್ತು. ಕುಂಭಕರ್ಣ ಎಂದು ಹೆಸರಿಟ್ಟವನೇ ನಾನು.

ಒಂದು ಮಧ್ಯಾಹ್ನ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ನನ್ನ ಮದುವೆಯ ಕಥೆ ತೆಗೆದೆ — ಹಂದರದೊಳಗೆ ಎಮ್ಮೆ ನುಗ್ಗಿ ಅವನ ಸೋದರಮಾವನ ಧೋತರ ಕಚ್ಚಿ ಎಳೆದದ್ದು, ಆ ಹಿರಿಯರು ಒಂದು ಕೈಯಲ್ಲಿ ಧೋತರ, ಇನ್ನೊಂದರಲ್ಲಿ ಹೋಳಿಗೆ ಹಿಡಿದು ಓಡಿದ್ದು. ಮಾಣಿಕ ನಗುತ್ತ ಎದ್ದು ನಿಂತ. ನಗುನಗುತ್ತಲೇ ಅವನ ದವಡೆ ಜೋತುಬಿತ್ತು, ಮೊಣಕಾಲು ಮಡಿಚಿಕೊಂಡವು, ಬಿಚ್ಚಿದ ಮೂಟೆಯಂತೆ ಕುಸಿದ. ಅರ್ಧ ನಿಮಿಷದಲ್ಲಿ ಏನೂ ಆಗದವನಂತೆ ಎದ್ದ.

“ಮಾಮಾ, ಭಾಳ ನಗು ಬಂದ್ರ ಮೈಯಾಗಿನ ಶಕ್ತಿನೇ ಹೋಗ್ತದ್ರಿ,” ಅಂದ. “ಯಾರ ಮುಂದೂ ಹೇಳಬ್ಯಾಡ್ರಿ. ಕುಸ್ತಿಗೆ ಇಳೀಲಾಕ ಬಿಡಂಗಿಲ್ಲ.”

ಸ್ವಂತ ಅಕ್ಕನಿಗೂ ಹೇಳದ್ದನ್ನು ನನಗೆ ಹೇಳಿದ್ದ. ಅವನ ಕೈಮೇಲೆ ಕೈಯಿಟ್ಟು ಆಣೆ ಮಾಡಿದೆ. ಆಣೆಯನ್ನು ಉಳಿಸಿಕೊಂಡೆ ಕೂಡ — ಉಳಿಸಿಕೊಳ್ಳಬಾರದಾಗಿದ್ದಲ್ಲಿ.

ಆ ವರ್ಷ ಹುಮ್ನಾಬಾದಿನ ಕುಸ್ತಿಯಲ್ಲಿ ಕೊನೆಯ ಜೋಡಿ ನಮ್ಮದೇ ಆಯಿತು. ಬೀಗತನ ಅಖಾಡದ ಮಣ್ಣಿನ ಹೊರಗೆ ಎಂದು ಹಿರಿಯರು ಕೈ ಹಿಡಿಸಿದರು. ಸ್ವಲ್ಪ ಹೊತ್ತಿನಲ್ಲೇ ನನ್ನ ಕುತ್ತಿಗೆ ಅವನ ತೋಳಿನಲ್ಲಿತ್ತು. ಉಸಿರು ಕಟ್ಟಿತು, ಬಾಯಿಗೆ ಮಣ್ಣು ಬಂತು. ಅವನ ಊರಿನ ಜನ ಕೇಕೆ ಹಾಕುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು. ಹೇಗೋ ತಲೆ ತಿರುಗಿಸಿ ಅವನ ಕಿವಿಯಲ್ಲಿ ಅಂದೆ:

“ಎಮ್ಮಿ ಬಂತೋ ಮಾಣಿಕಾ, ಧೋತರ ಹಿಡಕೋ.”

ಅವನ ಎದೆ ನಗುವಿನಿಂದ ಕುಲುಕಿದ್ದು ನನ್ನ ಬೆನ್ನಿಗೆ ತಿಳಿಯಿತು. ಆಮೇಲೆ ತೋಳು ಸಡಿಲವಾಯಿತು, ತಲೆ ನನ್ನ ಹೆಗಲ ಮೇಲೆ ವಾಲಿತು. ಮೆಲ್ಲಗೆ ಮಲಗಿಸಿದ್ದರೂ ಸಾಕಿತ್ತು, ಬೆನ್ನು ಮಣ್ಣಿಗೆ ತಾಗಿದರೆ ಚಿತ್ತು. ನಾನು ಹಾಗೆ ಮಾಡಲಿಲ್ಲ. ಎತ್ತಿ ಅಪ್ಪಳಿಸಿದೆ. ಬಿದ್ದವನ ಬಲಗೈ ತಿರುಚಿ ಮೊಣಕೈ ಮೇಲೆ ಮೊಣಕಾಲೂರಿದೆ — ಒಣ ತೊಗರಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವನ ಕಣ್ಣು ಅರ್ಧ ತೆರೆದಿದ್ದವು. ಅವನಿಗೆ ಎಚ್ಚರವಿಲ್ಲ ಎಂದುಕೊಂಡೆ. ಎಚ್ಚರವಿಲ್ಲದವನ ಕೈಯನ್ನಾದರೂ ಯಾಕೆ —

ಜನ ನನ್ನನ್ನು ಹೆಗಲ ಮೇಲೆ ಹೊತ್ತರು. ಮಾಣಿಕನ ಕೈ ಸೊಟ್ಟಗೆ ಕೂಡಿತು, ಕುಸ್ತಿ ಬಿಟ್ಟ.

ಆಮೇಲೂ ಅವನು ಅಲ್ಲಲ್ಲಿ ಹಾಗೆ ಕುಸಿದದ್ದನ್ನು ನಾಲ್ಕು ಜನ ನೋಡಿದ ಮೇಲೆ ಮೂರ್ಛೆರೋಗ ಎಂಬ ಹೆಸರು ಬಂತು. ಮೂರ್ಛೆಯ ಗುಳಿಗೆ ನುಂಗಿ ನುಂಗಿ ಅವನ ನಿದ್ದೆ ಇನ್ನೂ ಹೆಚ್ಚಾಯಿತು. ಬಿದ್ದವನಿಗೆ ಆಳಿಗೊಂದು ಕಲ್ಲು. ಹೆಣ್ಣು ಕೊಡುವವರೂ ಹಿಂದೆ ಸರಿದರು. ನಗುವಿನಿಂದ ಬೀಳುತ್ತಾನೆಂದು ನನಗೆ ಗೊತ್ತಿತ್ತು. ಹೇಳಿದರೆ, ಕುಸ್ತಿಯ ದಿನ ಯಾಕೆ ನಕ್ಕ ಎಂದು ಯಾರಾದರೂ ಕೇಳಬಹುದಿತ್ತು.

ನನ್ನ ಮಗಳ ತೊಟ್ಟಿಲ ದಿನ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಯಾರದೋ ಚೇಷ್ಟೆಗೆ ನಕ್ಕು ಬಿದ್ದ, ಈ ಸಲ ಬೇಗ ಏಳಲಿಲ್ಲ. ಚಪ್ಪಲಿ ಮೂಸಿಸಿದರು, ಮೂಗಿಗೆ ಉಳ್ಳಾಗಡ್ಡಿ ಹಿಂಡಿದರು. ಬರೆ ಹಾಕಿದರೆ ರೋಗ ಬಿಡುತ್ತದೆ ಎಂದ ಒಬ್ಬ ಮುದುಕ ಒಲೆಯಲ್ಲಿ ಕೆಂಪಗೆ ಕಾದಿದ್ದ ಚಿಮಟಾ ತಂದ. ಗಟ್ಟಿ ಆಳು ಕಾಲು ಹಿಡಿಯಬೇಕು ಎಂದರು. ಪೈಲವಾನ ನಾನೇ ಇದ್ದೆನಲ್ಲ — ಹಿಡಿದೆ. ತಡೆಯಲು ನನ್ನ ಒಂದು ಮಾತು ಸಾಕಿತ್ತು. ಎರಡೂ ಪಾದಕ್ಕೆ ಬರೆ ಎಳೆದರು. ಚರ್ಮ ಸುಟ್ಟ ವಾಸನೆ ನನ್ನ ಮುಖಕ್ಕೇ ಬಡಿಯಿತು. ಅವನು ಮಿಸುಕಲಿಲ್ಲ. ಕೂಗು ಹೊರಟದ್ದು ಆಮೇಲೆ, ಮೈಗೆ ಶಕ್ತಿ ಮರಳಿದಾಗ. ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿಬಿದ್ದು ಅತ್ತಿತು.

ಎಷ್ಟೋ ವರ್ಷದ ಮೇಲೆ ಹುಮ್ನಾಬಾದಿಗೆ ಹೊಸ ಡಾಕ್ಟರು ಬಂದರು. ನಾನೂ ಹೆಂಡತಿಯೂ ಮಾಣಿಕನ ಜೊತೆ ಹೋದೆವು. ಅವರು ಗುಳಿಗೆ ಬರೆಯಲಿಲ್ಲ, ಬೀಳುವ ಮುಂಚೆ ಏನಾಗುತ್ತದೆ ಎಂದು ಕೇಳಿದರು. ಮಾಣಿಕ ತನ್ನ ಸೊಟ್ಟ ಕೈ ನೋಡಿಕೊಂಡ. ಹೆಂಡತಿ ನನ್ನ ಕಡೆ ತಿರುಗಿ, “ನಿಮಗೇನರ ಗೊತ್ತೈತೇನ್ರಿ?” ಅಂದಳು.

ಹೇಳಿದೆ. ನಗು, ಎಮ್ಮೆ, ಕುಸ್ತಿ, ಕೈ — ಎಲ್ಲ. ಅವಳು ತಮ್ಮನ ಪಕ್ಕಕ್ಕೆ ಎದ್ದುಹೋಗಿ ಕುಳಿತಳು.

ಡಾಕ್ಟರು ಬಿಡಿಸಿ ಹೇಳಿದರು. ಇದು ಮೂರ್ಛೆಯಲ್ಲ, ನಿದ್ದೆಯ ರೋಗದ ಇನ್ನೊಂದು ಮುಖ. ನಗು, ಸಿಟ್ಟು, ಹಿಗ್ಗು ಉಕ್ಕಿದಾಗ ಕೈಕಾಲಿನ ಬಲ ಹೋಗುತ್ತದೆ, ಎಚ್ಚರ ಹೋಗುವುದಿಲ್ಲ. ಮನಸ್ಸು ಕುಗ್ಗಿದವರಿಗೆ ಕೊಡುವ ಒಂದು ಗುಳಿಗೆ ಇದಕ್ಕೂ ಆಗುತ್ತದೆ. ಬಾಯಿ ಒಣಗಬಹುದು, ಆದರೆ ಒಮ್ಮೆಲೇ ಬಿಡಬಾರದು. ಹಗಲಿನಲ್ಲಿ ಹೊತ್ತು ಗೊತ್ತುಮಾಡಿ ಒಂದು ಜೊಂಪು ಮಲಗಲಿ. ಇಷ್ಟೇ. ಎಚ್ಚರ ಹೋಗುವುದಿಲ್ಲ ಎಂಬ ಮಾತಿನ ಆಚೆಗಿನದು ಆಗ ನನ್ನ ಕಿವಿಗೆ ಬೀಳಲೇ ಇಲ್ಲ, ಆಮೇಲೆ ಮಾಣಿಕನಿಂದ ತಿಳಿದದ್ದು.

ಹೊರಗೆ ಬಂದು ಮಾಣಿಕನನ್ನು ಕೇಳಿದೆ, ನೀನಾದರೂ ಯಾಕೆ ಹೇಳಲಿಲ್ಲವೆಂದು.

“ಚಿತ್ತಾದಾಂವ ನೆವ ಹೇಳಬಾರದಂತ ತಾಲೀಮಿನಾಗ ಕಲಿಸ್ಯಾರಲ್ರಿ ಮಾಮಾ,” ಅಂದ. ಸ್ವಲ್ಪ ದೂರ ನಡೆದ ಮೇಲೆ ಅಂದ: “ಬರೆ ಹಾಕೋ ದಿನ ಕಾಲು ಹಿಡದವರು ನೀವಂತ ಕಣ್ಣಿಗೆ ಕಾಣಲಿಲ್ರಿ. ಹಿಡತದ ಮ್ಯಾಲೆ ಗೊತ್ತಾತು.”

ಈಗ ಅವನು ಗುಳಿಗೆ ತಗೊಳ್ಳುತ್ತಾನೆ, ಬೀಳುವುದು ಅಪರೂಪ. ಎಮ್ಮೆಯ ಕಥೆಯನ್ನು ಅವನೇ ಹೇಳಿ, ಗೋಡೆ ಹಿಡಿದು ನಗುತ್ತಾನೆ. ನಾನು ಹುಮ್ನಾಬಾದಿನ ತಾಲೀಮಿಗೆ ಹೋಗಿ, ಎಲ್ಲರ ಎದುರು ಇದನ್ನೇ ಹೇಳಿ, ಕಡಗ ಬಿಚ್ಚಿಟ್ಟು ಬಂದೆ. ಯಾಕೆ ಹಾಗೆ ಮಾಡಿದಿರಿ ಎಂದು ಒಬ್ಬ ಕೇಳಿದ. ನೆವ ಹೇಳಲಿಲ್ಲ.