ಕೆಲಗೇರಿ ಕೆರೆಯ ದನಿ

ಗೆಳೆಯರೇ, ನಮ್ಮ ಪತ್ರಿಕೋದ್ಯಮ ವಿಭಾಗದ ರೇಡಿಯೋ ಪಾಠಕ್ಕೆ ಇವತ್ತು ಬರೀ ನೀರಿನ ಸದ್ದು ಬೇಕಿತ್ತು, ಮಾತು ಇರಬಾರದು. ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಯಲ್ಲಿ ಮೊಬೈಲ್ ಹಿಡಿದು ಕಣ್ಣು ಮುಚ್ಚಿ ಕೂತೆ. ನೀರು ಕಲ್ಲಿಗೆ ಮೆಲ್ಲಗೆ ತಾಗುತ್ತಿತ್ತು. ನಾನೇ ತೇಲುತ್ತಿದ್ದಂತಿತ್ತು.

"ಯಾಕವಾ, ಆರಾಮ ಇಲ್ಲೇನು?" ವಾಕಿಂಗ್‌ಗೆ ಬಂದ ಕಾಕಾ ಒಬ್ಬರು ಕೇಳಿದರು.

"ಕೆರಿ ದನಿ ರೆಕಾರ್ಡ್ ಮಾಡಾಕತ್ತೇನ್ರಿ ಕಾಕಾ. ಸ್ವಲ್ಪ ಸುಮ್ಮನಿರ್ರಿ."

ಪಾಪ, ಕಾವಲಿಗೇ ನಿಂತರು. ದಾರಿಯಲ್ಲಿ ಬಂದವರಿಗೆಲ್ಲ ಅವರದೇ ಕೂಗು: "ಏ, ಮಾತಾಡಬ್ಯಾಡ್ರಿ! ಹುಡುಗಿ ಕೆರಿ ದನಿ ಹಿಡಿಯಾಕತ್ತಾಳ!"

ಮಧ್ಯಾಹ್ನ ತರಗತಿಯಲ್ಲಿ ಕೇಳಿಸಿದರೆ ಉದ್ದಕ್ಕೂ ಕಾಕಾ. ಮೇಡಂ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ಛಂದ ಅದ. ಆದ್ರ ಕೆರಿ ಎಲ್ಲದ?"

ನಾಳೆ ಮತ್ತೆ ಹೋಗಬೇಕು. ಕಾಕಾ ಬೆಳಿಗ್ಗೆಯೇ ಮಾತು ಕೊಟ್ಟಿದ್ದಾರೆ: "ಇನ್ನೊಮ್ಮೆ ಬಂದ್ರ ಹೇಳವಾ, ಸುಮ್ಮನ ಕುಂದ್ರಾಕ ನಮ್ಮ ಮಂದಿನ್ನೆಲ್ಲಾ ಕರಕೊಂಡು ಬರ್ತೇನಿ."