ಕೈಗುಣದ ಡಾಕ್ಟರು

ಅವನು ನಮ್ಮೂರಿಗೆ ಮೊದಲು ಬಂದದ್ದು ದನದ ಡಾಕ್ಟರಾಗಿ. ಕ್ಯಾಸಂಬಳ್ಳಿ ಕಡೆಯಿಂದ ಬೈಕಿನಲ್ಲಿ ಬರುತ್ತಿದ್ದ. ಒಂದು ಬೆಳಿಗ್ಗೆ ನಮ್ಮ ಹಸು ಈಯಲಾರದೆ ಒದ್ದಾಡುತ್ತಿದ್ದಾಗ ಮೊಣಕೈವರೆಗೆ ಕೈ ಹಾಕಿ, ಅಡ್ಡ ಬಿದ್ದಿದ್ದ ಕರುವನ್ನು ಎಳೆದ. ಹಸು, ಕರು ಎರಡೂ ಉಳಿದವು. ಅಮ್ಮ ಗಿಣ್ಣು ಕಾಯಿಸಿ ಮೊದಲ ಬಟ್ಟಲನ್ನು ಅವನಿಗೇ ಕೊಟ್ಟಳು. ಅಂದಿನಿಂದ ನಮ್ಮ ಮನೆಯಲ್ಲಿ ಅವನ ಕೈಗುಣದ್ದೇ ಮಾತು.

ಆಮೇಲೆ ಕೆಲವು ವರ್ಷ ಪತ್ತೆಯಿಲ್ಲ. ಒಂದು ದಿನ ನೋಡಿದರೆ, ರಾಬರ್ಟ್‌ಸನ್‌ಪೇಟೆಯಲ್ಲಿ ಬೋರ್ಡು ಹಾಕಿಕೊಂಡು ಮನುಷ್ಯರ ಡಾಕ್ಟರಾಗಿ ಕೂತಿದ್ದಾನೆ! ನಮ್ಮ ಜೊತೆ ಕನ್ನಡ, ಊರಿಗಾಂನ ಗಣಿ ಕಾರ್ಮಿಕರ ಲೈನುಗಳಿಂದ ಬಂದವರ ಜೊತೆ ತಮಿಳು, ಎರಡೂ ನೀರು ಕುಡಿದಷ್ಟು ಸಲೀಸು. ದನದ ಡಾಕ್ಟರಿಗೆ ಬಡ್ತಿ ಸಿಕ್ಕಿತೇನಮ್ಮ ಎಂದು ಅಮ್ಮನನ್ನು ರೇಗಿಸಿದೆ.

"ಮ್ಯಾಲಕ್ಕೆ ಓದ್ಕಂಡಿರ್ತಾರೆ ಕಣ್ಲಾ. ಓದು ಯಾರ್ಗ್ ಬೇಕು, ಕೈಗುಣ ಬೇಕು," ಎಂದಳು.

ಅಪ್ಪನಿಗೆ ಎದೆನೋವು ಬಂದ ದಿನ ನಮ್ಮ ಆಟೋ ನೇರ ಅಲ್ಲಿಗೇ ಹೋಯಿತು. ಅಪ್ಪನ ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. ಅವನು ನಾಡಿ ಹಿಡಿದ, ಅಮ್ಮನ ಮುಖ ನೋಡಿದ, ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದ: "ಅಕ್ಕಾ, ನಾನು ಡಾಕ್ಟ್ರಲ್ಲ. ಏನೂ ಓದಿಲ್ಲ. ಈಗಿಂದೀಗ್ಲೇ ಕೋಲಾರದ ದೊಡ್ಡಾಸ್ಪತ್ರೆಗೆ ಕರ್ಕೊಂಡೋಗಿ."

ನಮ್ಮ ಕಡೆ, ರೋಗಿ ಉಳಿಯುವುದಿಲ್ಲ ಎಂದು ಯಾವ ಡಾಕ್ಟರೂ ಬಾಯಿಬಿಟ್ಟು ಹೇಳುವುದಿಲ್ಲ. ಏನಾದರೂ ನೆಪ ಹೇಳಿ ಸಾಗಹಾಕುತ್ತಾರೆ. ಇದೂ ಅಂಥದ್ದೇ ಎಂದುಕೊಂಡಳು ಅಮ್ಮ. ಕೋಲಾರಕ್ಕೆ ಹೋಗೋಣವೆಂದು ನಾನು ಕೂಗಾಡಿದೆ.

"ಆ ಕೈಯೇ ಬಿಟ್ಟ ಮ್ಯಾಕೆ ಇನ್ಯಾರ್ ಉಳಿಸ್ತಾರ್ಲಾ? ಓಗೋ ಜೀವ ಮನೇಲೋಗ್ಲಿ," ಎಂದು ಆಟೋವನ್ನು ಊರಿನ ಕಡೆ ತಿರುಗಿಸಿದಳು. ಮನೆ ಮುಟ್ಟುವ ಮೊದಲೇ ಅಪ್ಪ ಹೋದ.

ಹೋದ ವರ್ಷ ಅವನು ಬಂಗಾರಪೇಟೆಯಲ್ಲಿ ಲಾಯರ್ ಕೋಟಿನಲ್ಲಿ ಸಿಕ್ಕಿಬಿದ್ದ. ನಡುವೆ ಬೋರ್‌ವೆಲ್ ಪಾಯಿಂಟ್ ತೋರಿಸುವ ಎಂಜಿನಿಯರೂ ಆಗಿದ್ದನಂತೆ. ವರ್ಷಗಟ್ಟಲೆ ಸುಳ್ಳು ನಂಬಿಸಿ, ಕೊನೆ ಗಳಿಗೆಯಲ್ಲಿ ನಿಜ ಹೇಳಿದರೆ ಯಾರ ಕಿವಿಗೆ ಹೋದೀತು? ಪೊಲೀಸರು ವಿಚಾರಿಸಲು ಮನೆಗೆ ಬಂದಾಗ, ಅವನ ಮೋಸವನ್ನೆಲ್ಲ ಹೇಳಿಬಿಡು ಎಂದು ಅಮ್ಮನಿಗೆ ಹೇಳಿದೆ.

ಅಮ್ಮ ಪೊಲೀಸರ ಕಡೆ ತಿರುಗಿದಳು.

"ಆಯಪ್ಪ ನಮ್ಗೆ ಸುಳ್ಳೇಳ್ಲಿಲ್ಲ ಸ್ವಾಮಿ," ಎಂದಳು. "ಕೋಲಾರಕ್ಕೋಗಿ ಅಂದ. ನಾನೇ ಓಗ್ಲಿಲ್ಲ."