ಗಡಿಯಾರದವರ ತಂಬಾಕು

ಮೊದಲಿಗೆ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳಾದ್ದರಿಂದ ಮಾತುಗಳೂ ಅಷ್ಟಕ್ಕಷ್ಟೆ. ಓದುವವರಿಗೆ ತೊಂದರೆಯಾಗಬಾರದೆಂದು ಗೆರೆ ಹಾಕಿಕೊಂಡು ನಿಧಾನವಾಗಿ ಬರೆದಿದ್ದೇನೆ. ಇದು ನಮ್ಮ ಸೋದರಮಾವನ ಕಥೆ. ಊಟವಾದ ಮೇಲೆ ಕೈ ಒಣಗುವವರೆಗೂ ಕೂತು ಅವರೇ ತುಂಡುತುಂಡಾಗಿ ಹೇಳಿದ್ದು. ತುಂಡುಗಳನ್ನು ಜೋಡಿಸಿದ್ದಷ್ಟೇ ನನ್ನ ಕೆಲಸ.

ಮಾವ ತಂಬಾಕಿನ ಅಂಗಡಿಗೆ ಕೆಲಸಕ್ಕೆ ಸೇರಿದಾಗ ಅವರಿಗೆ ಮೀಸೆ ಸರಿಯಾಗಿ ಮೂಡಿರಲಿಲ್ಲ. ಈಗಿನ ಮೀಸೆಯಲ್ಲಿ ಕಪ್ಪು ಕೂದಲನ್ನು ಹುಡುಕಬೇಕು. ಅದರಲ್ಲಿ ಬಹುಪಾಲು ಕಾಲ ಅವರು ಕೂತದ್ದು ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಕೆಳಗಿನ ಉದ್ದನೆಯ ಮೇಜಿನ ಮುಂದೆ. ಪೈಪಿಗೆ ತುಂಬುವ ತಂಬಾಕನ್ನು ಬೆರೆಸುವುದು ಅವರ ಕೆಲಸ. ಗೋಡೆಯುದ್ದಕ್ಕೂ ಗಾಜಿನ ಭರಣಿಗಳು. ಒಂದರಲ್ಲಿ ಬಂಗಾರದ ಬಣ್ಣದ ಸಿಹಿ ಎಲೆ. ಇನ್ನೊಂದರಲ್ಲಿ ತನ್ನದೆಂಬ ರುಚಿಯಿಲ್ಲದಿದ್ದರೂ ಉಳಿದವರ ಭಾರವನ್ನೆಲ್ಲ ಹೊರುವ ಕಂದು ಎಲೆ. ಅದನ್ನು ಮಾವ ‘ಮನೆಯ ಹಿರಿಸೊಸೆ’ ಎನ್ನುತ್ತಿದ್ದರು. ಮತ್ತೊಂದರಲ್ಲಿ ಕಟ್ಟಿಗೆಯ ಹೊಗೆಯಲ್ಲಿ ನೇತುಹಾಕಿ ಕಪ್ಪಾಗಿಸಿದ ಎಲೆ. ಮುಚ್ಚಳ ತೆಗೆದರೆ ಆರಿದ ಒಲೆಯ ವಾಸನೆ. ಕೊನೆಯ ಪುಟ್ಟ ಭರಣಿಯಲ್ಲಿ ಒತ್ತಿ ಹುಳಿಸಿದ ಖಾರದ ಎಲೆ. ಅದನ್ನು ಚಿಟಿಕೆಗಿಂತ ಹೆಚ್ಚು ಹಾಕಿದರೆ ಸೇದಿದವನು ಕೆಮ್ಮಿ ಕೆಮ್ಮಿ ಹಾಕಿದವನನ್ನು ಬೈಯುತ್ತಾನೆ.

ಮಾವನ ಬಾಯಲ್ಲಿ ಸದಾ ಒಂದೇ ಮಾತು, ‘ಹದ ಬರಲಿ’. ಅದರಿಂದಲೇ ಬೀದಿಯವರು ಅವರನ್ನು ಹದದವರು ಎಂದು ಕರೆದರು. ಮನೆಯಲ್ಲೂ ಅಡುಗೆಗೆ ಉಪ್ಪು ಸಾಲದೆ ಹೋದರೆ ಹದ ಬಂದಿಲ್ಲ ಎನ್ನುತ್ತಿದ್ದರಂತೆ. ‘ಹಾಗಾದರೆ ಬರೋವರೆಗೆ ಕಾಯ್ತಾ ಇರಿ’ ಎಂದು ಅತ್ತೆ ತಟ್ಟೆಯನ್ನೇ ಎತ್ತಿಕೊಂಡು ಹೋಗುತ್ತಿದ್ದರಂತೆ. ಅತ್ತೆ ಈಗಿಲ್ಲ. ಮಾವ ಈಗ ಯಾವ ಅಡುಗೆಗೂ ಏನೂ ಅನ್ನುವುದಿಲ್ಲ.

ಹೊಸಬರು ಬಂದು ಒಳ್ಳೆಯ ತಂಬಾಕು ಕೊಡಿ ಎಂದರೆ ಮಾವ ಕೊಡುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಏನು ಕುಡಿಯುತ್ತೀರಿ, ಅದಕ್ಕೆ ಸಕ್ಕರೆ ಎಷ್ಟು, ಪೈಪು ಹಿಡಿಯುವುದು ಒಬ್ಬರೇ ಇರುವಾಗಲೋ ನಾಲ್ಕು ಜನರ ನಡುವೆಯೋ ಎಂದು ಕೇಳುತ್ತಿದ್ದರು. ಜನರ ನಡುವೆ ಎಂದವರಿಗೆ ಘಮಘಮಿಸುವ ಸಿಹಿ ಎಲೆ ಹೆಚ್ಚು ಹಾಕುತ್ತಿದ್ದರು, ಏಕೆಂದರೆ ಆ ವಾಸನೆ ಪಕ್ಕದವರಿಗೆ, ಸೇದುವವನಿಗಲ್ಲ. ಒಬ್ಬರೇ ಎಂದವರಿಗೆ ಕರಿ ಎಲೆ. ಕೊಡುವಾಗ ಒಂದು ಬುದ್ಧಿಮಾತು: ಕೆಳಗೆ ಹಗುರವಾಗಿ ತುಂಬಿ, ಮೇಲೆ ಬರುತ್ತಾ ಒತ್ತಿ, ಕಡ್ಡಿ ಗೀರಿದ ಮೇಲೆ ಅವಸರ ಬೇಡ. ಎಳೆದಷ್ಟೂ ಪೈಪು ಕಾಯುತ್ತದೆ, ಕಾದಷ್ಟೂ ರುಚಿ ಸುಡುತ್ತದೆ. ಚಪ್ಪರಿಸುವವನಿಗೆ ಮಾತ್ರ ಪೈಪು, ಎಳೆಯುವವನಿಗೆ ಬೀಡಿ ಸಾಕು.

ಎದುರಿನ ಸಾಲಿನಲ್ಲಿ ಗಡಿಯಾರ ರಿಪೇರಿಯ ಒಂದು ಗೂಡಂಗಡಿ ಇತ್ತು. ಅದರೊಳಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂರುತ್ತಿದ್ದವರು ಮಾವನ ಸ್ನೇಹಿತರು, ಗಡಿಯಾರದವರು. ಮಾವ ಅವರನ್ನು ‘ಮುಳ್ಳಪ್ಪ’ ಎನ್ನುತ್ತಿದ್ದರು, ಅವರು ಮಾವನನ್ನು ‘ಹೊಗೆರಾಯ’ ಎನ್ನುತ್ತಿದ್ದರು. ಇಬ್ಬರೂ ಹುಡುಗರಾಗಿದ್ದಾಗಿನಿಂದ ಏಕವಚನ. ‘ಊರಿನವರ ಟೈಮೆಲ್ಲ ಸರಿಮಾಡ್ತೀಯ, ನೀನು ಮಾತ್ರ ಯಾವತ್ತಾದ್ರೂ ಟೈಮಿಗೆ ಅಂಗಡಿ ತೆಗೆದಿದ್ದೀಯೇನೋ’ ಎಂದು ಇವರು. ‘ನಿನ್ನ ಹೊಗೆಯಲ್ಲಿ ದಾರಿ ಕಾಣಲಿಲ್ಲ ಕಣೋ’ ಎಂದು ಅವರು.

ಗಡಿಯಾರದವರಿಗೆಂದು ಮಾವ ಒಂದು ಮಿಶ್ರಣ ಮಾಡಿದ್ದರು. ಸುಲಭಕ್ಕೆ ಆದದ್ದಲ್ಲ. ಒಮ್ಮೆ ಕರಿ ಎಲೆ ಮುಂದಾಗಿ ಬಾಯೆಲ್ಲ ಇದ್ದಿಲು, ಒಮ್ಮೆ ಸಿಹಿ ಮುಂದಾಗಿ ‘ಇದು ಮಕ್ಕಳ ಮಿಠಾಯಿ’ ಎಂಬ ಬೈಗುಳ. ಕೊನೆಗೊಂದು ಮಧ್ಯಾಹ್ನ ಗಡಿಯಾರದವರು ಪೈಪು ಹಚ್ಚಿ, ಬಿಚ್ಚಿಟ್ಟ ಕೈಗಡಿಯಾರವನ್ನು ಹಾಗೇ ಬಿಟ್ಟು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. ಪೈಪು ತಾನಾಗಿ ಆರಿದ ಮೇಲೆ, ‘ಇದು ನನ್ನದು. ಇನ್ನೊಬ್ಬನಿಗೆ ಕೊಟ್ಟರೆ ನಿನ್ನ ಕೈ ಮುರೀತೀನಿ’ ಎಂದರು. ಆ ಅಂಗಡಿಯಲ್ಲಿ ಹಾಗೊಂದು ಪದ್ಧತಿಯೂ ಇತ್ತು. ಒಬ್ಬನಿಗೆಂದು ಹದ ಕೂರಿಸಿದ್ದನ್ನು ಅವನು ಬದುಕಿರುವಷ್ಟು ದಿನ ಇನ್ನೊಬ್ಬನ ಪೈಪಿಗೆ ಹಾಕುವಂತಿಲ್ಲ, ಅವನನ್ನು ಕೇಳದೆ ಅದರ ಎಲೆ ಬದಲಾಯಿಸುವಂತಿಲ್ಲ. ಗಡಿಯಾರದವರ ತಗಡಿನ ಡಬ್ಬಿಯ ಮೇಲೆ ಮಾವ ಎರಡು ಮುಳ್ಳುಗಳ ಚಿತ್ರ ಕೊರೆದಿದ್ದರು. ಊಟವಾದ ಮೇಲೆ ಒಂದು, ಅಂಗಡಿ ಮುಚ್ಚುವ ಹೊತ್ತಿಗೆ ಒಂದು. ಅಷ್ಟೇ ಅವರ ಸೇದುವಿಕೆ. ಎಷ್ಟೋ ವರ್ಷ ಹಾಗೇ ನಡೆಯಿತು.

ಒಂದು ದಿನ ಗಡಿಯಾರದವರ ಹೆಂಡತಿ ಅಂಗಡಿಯ ಮುಂಬಾಗಿಲಿಗೆ ಬಾರದೆ ಹಿಂಬಾಗಿಲಿಗೆ ಬಂದರು. ಮಾವ ಅವರನ್ನು ಅತ್ತಿಗೆ ಎನ್ನುತ್ತಿದ್ದರು. ಡಾಕ್ಟರು ಗಂಡನ ಎದೆ ಪರೀಕ್ಷೆ ಮಾಡಿ, ಹೃದಯ ಸೋತಿದೆ, ಹೊಗೆ ಬಿಡಲೇಬೇಕು ಎಂದಿದ್ದಾರೆ, ಇವರು ಡಾಕ್ಟರ ಕೈಗಡಿಯಾರ ಹಿಂದೆ ಓಡುತ್ತಿದೆ ಎಂದು ತಮಾಷೆ ಮಾಡಿ ಬಂದಿದ್ದಾರೆ ಎಂದು ಹೇಳಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

‘ಅಣ್ಣ, ನೀವೇ ಬಿಡಿಸಬೇಕು. ಆದರೆ ನಾನು ಬಂದು ಹೇಳಿದೆ ಅಂತ ಅವರಿಗೆ ಗೊತ್ತಾಗಬಾರದು. ನನಗೆ ಮಾತು ಕೊಡಿ.’

ಮಾವ ಮಾತು ಕೊಟ್ಟರು. ಕೊಟ್ಟ ಮೇಲೆ ಅದು ಗಂಟಲಲ್ಲಿ ಬಿಸಿತುಪ್ಪವಾಯಿತು. ಕೊಡುವುದಿಲ್ಲ ಎಂದರೆ ಗಡಿಯಾರದವರು ಮೂಲೆಯಂಗಡಿಯಲ್ಲಿ ಸಿಕ್ಕಿದ ಕಸವನ್ನು ಕೊಂಡು ಸೇದುತ್ತಾರೆ. ಬುದ್ಧಿ ಹೇಳಿದರೆ, ತಂಬಾಕು ಮಾರುವವನ ಬಾಯಲ್ಲಿ ವೇದಾಂತವೇ ಎಂದು ನಗುತ್ತಾರೆ. ಮಾವನಿಗೆ ಬಾಯಿಗಿಂತ ಕೈಯ ಮೇಲೆ ನಂಬಿಕೆ ಹೆಚ್ಚು. ಹೇಳಿ ಬಿಡಿಸಲಾಗದ್ದನ್ನು ಹದದಿಂದ ಬಿಡಿಸುತ್ತೇನೆ ಎಂದುಕೊಂಡರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಪ್ರತಿ ಸಲ ಡಬ್ಬಿ ತುಂಬುವಾಗ ಖಾರದ ಎಲೆ ಒಂದಿಷ್ಟು, ಕರಿ ಎಲೆ ಒಂದಿಷ್ಟು ಕಡಿಮೆ ಮಾಡುತ್ತಾ ಹೋಗುವುದು. ಆ ಜಾಗಕ್ಕೆ ಕಂದು ಎಲೆ. ರುಚಿ ಸತ್ತರೆ ಆಸೆ ತಾನೇ ಸಾಯುತ್ತದೆ, ಒಂದು ದಿನ ‘ಯಾಕೋ ಬೇಡ’ ಎಂದು ಅವರೇ ಪೈಪು ಕೆಳಗಿಡುತ್ತಾರೆ ಎಂಬುದು ಮಾವನ ಲೆಕ್ಕಾಚಾರ. ಪದ್ಧತಿ ಮುರಿಯುತ್ತಿದ್ದೇನೆ ಎಂಬುದು ಗೊತ್ತಿತ್ತು. ಜೀವಕ್ಕಿಂತ ಪದ್ಧತಿ ದೊಡ್ಡದೇ ಎಂದು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು.

ಮೊದಲಿಗೆ ಗಡಿಯಾರದವರು ಏನೂ ಹೇಳಲಿಲ್ಲ. ಒಮ್ಮೆ ಮಾತ್ರ, ಎಲೆ ಹಳೆಯದೇನೋ ಎಂದು ಕೇಳಿದರು. ಗಾಳಿ ಒದ್ದೆ ಇದೆ ಎಂದು ಮಾವ ತೇಲಿಸಿದರು. ಅವರಿಗೆ ಹೇಳಿದ ಮೊದಲ ಸುಳ್ಳು ಅದು. ಆಮೇಲೆ ಡಬ್ಬಿ ಬೇಗ ಬೇಗ ಖಾಲಿಯಾಗಿ ಬರತೊಡಗಿತು. ಬಂದವರಿಗೆಲ್ಲ ಹಂಚುತ್ತಿರಬೇಕು, ಬೇಡವಾಗಿರಬೇಕು ಎಂದು ಮಾವ ಒಳಗೊಳಗೇ ಖುಷಿಪಟ್ಟರು.

ಪೈಪನ್ನು ಚೊಕ್ಕಟ ಮಾಡಲು ತಂದುಕೊಟ್ಟಾಗಲಾದರೂ ಅವರಿಗೆ ತಿಳಿಯಬೇಕಿತ್ತು. ಬಟ್ಟಲಿನ ಅಂಚು ಕರಕಲಾಗಿತ್ತು, ತಳದಲ್ಲಿ ಒದ್ದೆ ಕಿಟ್ಟ, ಮರದ ಮೈಯಲ್ಲಿ ಕೂದಲೆಳೆಯಷ್ಟು ಬಿರುಕು. ಆರಲು ಬಿಡದೆ ಒಂದರ ಹಿಂದೊಂದು ತುಂಬಿ, ಜೋರಾಗಿ ಎಳೆದ ಪೈಪಿಗೆ ಹೀಗಾಗುತ್ತದೆ. ಬೇರೆ ಯಾರ ಪೈಪು ಹಾಗಿದ್ದರೂ ಮಾವ ಅಲ್ಲೇ ಕಿವಿ ಹಿಂಡುತ್ತಿದ್ದರು. ಎಲೆ ಸಪ್ಪೆಯಾದರೆ ಮನುಷ್ಯ ಬಿಡುವುದಿಲ್ಲ. ಸಿಗದ ರುಚಿಯನ್ನು ಹುಡುಕುತ್ತಾ ಇನ್ನಷ್ಟು ಎಳೆಯುತ್ತಾನೆ. ಅಂಗಡಿಗೆ ಸೇರಿದ ಮೊದಲ ವಾರವೇ ಕಲಿತ ಪಾಠ ಇದು. ಆದರೆ ಇದು ಮುಳ್ಳಪ್ಪನ ಪೈಪು. ಅವನು ಎಳೆಯುವವನಲ್ಲ, ಚಪ್ಪರಿಸುವವನು. ಕೋಪದಲ್ಲಿ ಎಲ್ಲೋ ಒಂದೆರಡು ದಿನ ಸುಟ್ಟುಕೊಂಡಿದ್ದಾನೆ, ಬಿಡುವ ಮುಂಚಿನ ಒದ್ದಾಟ ಇದು ಎಂದುಕೊಂಡರು. ಅಂದು ತುಂಬಿದ ಡಬ್ಬಿಗೆ ಕರಿ ಎಲೆಯನ್ನು ಹಾಕಲೇ ಇಲ್ಲ. ಪೈಪನ್ನು ಆಮೇಲೆ ಮಾಡಿಕೊಡುತ್ತೇನೆಂದು ತಮ್ಮ ಮೇಜಿನ ಖಾನೆಯಲ್ಲಿ ಇಟ್ಟುಕೊಂಡರು.

ಗಡಿಯಾರದವರ ಬಳಿ ಇನ್ನೊಂದು ಪೈಪಿತ್ತು. ಅದರಲ್ಲಿ ಆ ತಂಬಾಕನ್ನು ಸೇದಿ ನೋಡಿ, ಮಾರನೆಯ ದಿನವೇ ಬಂದರು. ಅಂಗಡಿಯಲ್ಲಿ ಗಿರಾಕಿಗಳಿದ್ದರು, ಮಾಲೀಕರೂ ಗಲ್ಲಾಪೆಟ್ಟಿಗೆಯ ಹಿಂದೆ ಇದ್ದರು. ಡಬ್ಬಿಯನ್ನು ಗಾಜಿನ ಕಟ್ಟೆಯ ಮೇಲೆ ಇಟ್ಟು, ಹಿಂದಿನ ಕೋಣೆಯಿಂದ ಮಾವನನ್ನು ಕರೆಸಿದರು.

‘ಇದು ಯಾರದು?’

‘ನಿನ್ನದೇ.’

‘ನನ್ನ ಡಬ್ಬಿ ನನಗೆ ಗೊತ್ತು. ಒಳಗಿರೋದು ಯಾರದು ಅಂತ ಕೇಳಿದೆ. ಯಾರೋ ಬೇಡ ಅಂತ ಬಿಟ್ಟು ಹೋಗಿದ್ದನ್ನ ನನಗೆ ತುಂಬಿ ಕೊಡ್ತಿದ್ದೀಯಲ್ಲ, ಇಷ್ಟು ದಿನ ಬಾಯಿ ಮುಚ್ಚಿಕೊಂಡು ಸೇದಿದೆ. ಸ್ನೇಹಿತ, ಇವತ್ತಲ್ಲ ನಾಳೆ ಸರಿಮಾಡ್ತಾನೆ ಅಂತ.’

ಮಾವ ಬಾಯಿ ತೆರೆದರು. ಹಿಂಬಾಗಿಲಲ್ಲಿ ಚೌಕಟ್ಟು ಹಿಡಿದು ನಿಂತ ಅತ್ತಿಗೆ ಕಣ್ಣ ಮುಂದೆ ಬಂದರು.

‘ಎಲೆ ಅದೇ ಕಣೋ’ ಎಂದರು. ‘ನಿನ್ನ ನಾಲಿಗೆಗೇ ವಯಸ್ಸಾಗಿರಬೇಕು.’

ತಮಾಷೆಯಾಗಿ ತಿರುಗಿಸಲು ಹೋದ ಮಾತು. ಅದು ಉರಿಯುವ ಗಾಯಕ್ಕೆ ಖಾರ ಹಚ್ಚಿದ ಹಾಗಾಯಿತು. ಗಡಿಯಾರದವರು ಮಾವನ ಮುಖವನ್ನೇ ನೋಡಿದರು. ಕೆಟ್ಟ ಗಡಿಯಾರದ ಒಳಗೆ ನೋಡುವ ಹಾಗೆ ನೋಡಿದರು ಎಂದು ಮಾವ ಹೇಳುತ್ತಾರೆ.

‘ನನ್ನ ನಾಲಿಗೆ ಚೆನ್ನಾಗೇ ಇದೆ. ನಿನ್ನ ಕೈ ಸತ್ತಿದೆ.’

ಇಷ್ಟು ಹೇಳಿ ಡಬ್ಬಿಯನ್ನು ಅಲ್ಲೇ ಬಿಟ್ಟು ರಸ್ತೆ ದಾಟಿದರು. ಆ ಮಾತಿಗೆ ಡಂಗುರ ಬೇಕಾಗಲಿಲ್ಲ. ಹದದವರ ಕೈ ಹೋಗಿದೆಯಂತೆ ಎಂದು ಬೀದಿಯಲ್ಲಿ ಬಾಯಿಂದ ಬಾಯಿಗೆ ಹೋಯಿತು. ನಿನ್ನೆಯವರೆಗೆ ಸೊಗಸಾಗಿದೆ ಎನ್ನುತ್ತಿದ್ದವರೂ ಈಗ ಡಬ್ಬಿ ತೆರೆದು ಮೂಸಿ ಮೂಗು ಮುರಿದರು. ಮಾಲೀಕರು ಕೆಟ್ಟವರಲ್ಲ. ಸ್ವಲ್ಪ ದಿನ ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮಾವನನ್ನು ಪೊಟ್ಟಣ ಕಟ್ಟುವ ಕಡೆಗೆ ಕೂರಿಸಿದರು. ಕಿಟಕಿಯ ಕೆಳಗಿನ ಮೇಜಿಗೆ ಬೇರೊಬ್ಬರು ಬಂದರು. ವಿಶ್ರಾಂತಿ ಮುಗಿಯಲೇ ಇಲ್ಲ.

ಗಡಿಯಾರದವರು ಮೂಲೆಯಂಗಡಿಯ ಅಗ್ಗದ ತಂಬಾಕಿಗೆ ಹೋದರು. ಪೊಟ್ಟಣ ಕಟ್ಟುವ ಜಾಗದಿಂದ ಎದುರಿನ ಗೂಡಂಗಡಿ ಕಾಣುತ್ತಿತ್ತು. ಗಡಿಯಾರದವರ ತಲೆಯ ಸುತ್ತ ಹೊಗೆ ಬೆಳಿಗ್ಗೆಯಿಂದ ಇಳಿಯುತ್ತಿರಲಿಲ್ಲ. ಎರಡು ಸಲ ಮಾವ ಎಲ್ಲವನ್ನೂ ಹೇಳಿಬಿಡಬೇಕೆಂದು ಎದ್ದು ರಸ್ತೆಯ ಅಂಚಿನವರೆಗೂ ಹೋದರು. ಎರಡು ಸಲವೂ ಕೊಟ್ಟ ಮಾತು ಕಾಲು ಹಿಡಿಯಿತು. ಮಾತಿನ ಜೊತೆಗೆ ಸ್ವಲ್ಪ ಸಿಟ್ಟೂ ಇತ್ತಂತೆ. ಇಷ್ಟು ವರ್ಷದ ಕೈಯನ್ನು ಒಂದು ಡಬ್ಬಿಯಿಂದ ಅಳೆದನಲ್ಲ, ಅವನೇ ಬರಲಿ ಎಂದು.

ಅವರು ಬರಲಿಲ್ಲ. ಒಂದು ಮಧ್ಯಾಹ್ನ ಗಡಿಯಾರ ವಾಪಸು ಪಡೆಯಲು ಬಂದ ಹೆಂಗಸೊಬ್ಬರು ಎಷ್ಟು ಕರೆದರೂ ಏಳದೆ, ಗಡಿಯಾರದವರು ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದರು. ಮಾವ ರಸ್ತೆ ದಾಟಿ ಹೋದಾಗ ಪೈಪು ಇನ್ನೂ ಬೆಚ್ಚಗಿತ್ತು. ಅದನ್ನು ಅವರ ಬೆರಳುಗಳಿಂದ ಬಿಡಿಸಿದವರು ಮಾವನೇ.

ಕೆಲವು ವಾರಗಳಾದ ಮೇಲೆ ಅತ್ತಿಗೆ ಅಂಗಡಿಗೆ ಬಂದರು, ಈ ಸಲ ಮುಂಬಾಗಿಲಿನಿಂದ. ಚೊಕ್ಕಟ ಮಾಡಲು ಕೊಟ್ಟಿದ್ದ ಪೈಪು ಇಲ್ಲೇ ಉಳಿದಿದೆಯಂತೆ, ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದರು. ಇನ್ನೂ ಮಾಡಿಲ್ಲ ಎಂದು ಮಾವ ತಲೆ ತಗ್ಗಿಸಿದರು. ಖಾನೆ ಖಾಲಿ ಮಾಡುವಾಗ ಮನೆಗೆ ತಂದಿಟ್ಟದ್ದು ಹಾಗೇ ಇತ್ತು. ಅತ್ತಿಗೆ ಕೂರಲಿಲ್ಲ.

‘ಮುಂಚೆ ಊಟ ಆದ ಮೇಲೆ ಒಂದು, ಸಂಜೆ ಒಂದು ಸೇದ್ತಿದ್ರು. ಎಲೆ ಸಪ್ಪೆ ಅಂತ ಅವರು ಗೊಣಗಿದಾಗಲೇ ನೀವು ಹದ ಬದಲಾಯಿಸಿದ್ದು ನನಗೆ ಗೊತ್ತಾಯ್ತು. ಆಮೇಲೆ ಪೈಪು ಆರಲೇ ಇಲ್ಲ ಅಣ್ಣ. ಹಾಸಿಗೆಯಲ್ಲೂ ಕಡ್ಡಿ ಗೀರೋರು. ಏನೋ ಕಳೆದುಕೊಂಡವರ ಹಾಗೆ. ಬಿಡಿಸಿ ಅಂದೆ ನಾನು. ನೀವು ಹಸಿವು ಹೆಚ್ಚಿಸಿದ್ರಿ.’

ಮಾವನಿಗೆ ಕರಕಲಾದ ಅಂಚು, ಒದ್ದೆ ಕಿಟ್ಟ, ಕೂದಲೆಳೆಯ ಬಿರುಕು ಒಂದೊಂದಾಗಿ ನೆನಪಾದವು. ಒಂದೇ ಒಂದು ಪ್ರಶ್ನೆ ಕೇಳಿದರು.

‘ಅತ್ತಿಗೆ, ನೀವು ಕೇಳಿಕೊಂಡಿದ್ದಕ್ಕೆ ನಾನು ಹಾಗೆ ಮಾಡಿದೆ ಅಂತ ಅವನಿಗೆ ಕೊನೆಗಾದರೂ ಹೇಳಿದ್ರಾ?’

‘ಇಲ್ಲ’ ಎಂದರು ಅತ್ತಿಗೆ. ‘ಹೇಳಿದ್ರೆ ನನ್ನ ಮೇಲೆ ಸಿಟ್ಟಾಗ್ತಿದ್ರು. ನಾನು ಅವರ ಜೊತೆ ಒಂದೇ ಮನೇಲಿ ಇರಬೇಕಿತ್ತಲ್ಲ. ನಿಮ್ಮ ಮೇಲೆ ಸಿಟ್ಟಾದ್ರೆ ನಿಮಗೇನು ನಷ್ಟ ಅಂದ್ಕೊಂಡೆ.’

ಪೈಪು ಸಿದ್ಧವಾದಾಗ ಕಳಿಸಿಕೊಡಿ ಎಂದು ಹೇಳಿ ಹೋದರು. ಮಾವ ಆ ಸಂಜೆ ಉಳಿದ ಪೊಟ್ಟಣಗಳನ್ನು ಕಟ್ಟಿ ಮುಗಿಸಿ ಮನೆಗೆ ಬಂದರು.

ಆವರೆಗೆ ಮಾವನೂ ಪೈಪು ಸೇದುತ್ತಿದ್ದರು, ಈಗ ಸೇದುವುದಿಲ್ಲ. ಶಪಥ ಗಿಪಥ ಏನೂ ಇಲ್ಲ. ಒಂದು ದಿನ ಕಡ್ಡಿ ಗೀರಿ, ಅದು ಬೆರಳಿನವರೆಗೂ ಉರಿಯಲು ಬಿಟ್ಟು, ಪೈಪನ್ನು ಕೆಳಗಿಟ್ಟರು. ಅಷ್ಟೆ. ಗಡಿಯಾರದವರಿಗೆ ಬರಲಿ ಎಂದು ಅವರು ಕಾದಿದ್ದ ‘ಯಾಕೋ ಬೇಡ’ ಅವರಿಗೇ ಬಂತು. ಅತ್ತಿಗೆಯನ್ನು ಅವರು ಬೈದದ್ದನ್ನು ನಾನು ಕೇಳಿಲ್ಲ, ಕ್ಷಮಿಸಿದ್ದನ್ನೂ ಕೇಳಿಲ್ಲ. ಅಷ್ಟು ವರ್ಷ ನನ್ನ ಹದ ಉಂಡವನು ಒಂದು ಸಲ ನನ್ನನ್ನು ಪಕ್ಕಕ್ಕೆ ಕರೆದು ಯಾಕೆ ಹೀಗೆ ಮಾಡಿದೆ ಅಂತ ಕೇಳಬಹುದಿತ್ತು ಎನ್ನುತ್ತಾರೆ. ಹಾಗೆಂದ ಮೇಲೆ, ಅಷ್ಟು ವರ್ಷ ಅವನ ಪೈಪು ನೋಡಿದವನು ನಾನೂ ಒಂದು ಸಲ ಕೇಳಬಹುದಿತ್ತು ಎಂದು ಎದ್ದು ಹೋಗುತ್ತಾರೆ.

ಗಡಿಯಾರದವರ ಪೈಪು ಕನ್ನಡಿಯ ಪಕ್ಕದ ಹಲಗೆಯ ಮೇಲೆ ಹಳೆಯ ಬಟ್ಟೆಯಲ್ಲಿ ಸುತ್ತಿಕೊಂಡು ಇದೆ. ಮಾವ ತಲೆ ಬಾಚುವಾಗಲೂ ಆ ಕಡೆಗೆ ನೋಡುವುದಿಲ್ಲ. ಬಟ್ಟಲನ್ನು ಹೇಗೆ ಕೆರೆಯಬೇಕು, ಕೊಳವೆಯೊಳಗೆ ಕಡ್ಡಿಯನ್ನು ಹೇಗೆ ಹಾಯಿಸಬೇಕು, ನೀರು ಏಕೆ ತಾಗಿಸಬಾರದು ಎಂಬುದನ್ನು ಮಾತ್ರ ನಾನು ಕೇಳಿದಾಗ ಹೇಳಿದ್ದಾರೆ. ನಾಳೆ ಬೆಳಿಗ್ಗೆ ನಾನು ಅದನ್ನು ಚೊಕ್ಕಟ ಮಾಡಿ, ಅತ್ತಿಗೆಯವರ ಮನೆಗೆ ಕೊಟ್ಟು ಬರುತ್ತೇನೆ.